ಬಲೂನೋ, ಬೈಪಾಸೋ?

ಕಾಲ್ಬೆರಳ ಹುಣ್ಣು ಮಾಯುತ್ತಿಲ್ಲ, ಪಾದಕ್ಕೆ ರಕ್ತ ಸಾಲುತ್ತಿಲ್ಲ ಅಂದಾಗ ಡಾಕ್ಟರು ಸಾಮಾನ್ಯವಾಗಿ ಎರಡು ದಾರಿ ಹೇಳುತ್ತಾರೆ.

ಬಲೂನ್ ಅಂದರೆ ತೊಡೆಸಂದಿಯಲ್ಲಿ ಸಣ್ಣ ತೂತು. ಅಲ್ಲಿಂದ ತಂತಿ ತೂರಿಸಿ, ಪುಟ್ಟ ಬಲೂನ್ ಉಬ್ಬಿಸಿ ಕಟ್ಟಿಕೊಂಡ ರಕ್ತನಾಳವನ್ನು ಹಿಗ್ಗಿಸುತ್ತಾರೆ. ಬೇಗ ಮನೆಗೆ ಹೋಗಬಹುದು, ಆದರೆ ನಾಳ ಮತ್ತೆ ಕಟ್ಟಿಕೊಳ್ಳುವ ಭಯ ಜಾಸ್ತಿ.

ಬೈಪಾಸ್ ದೊಡ್ಡ ಆಪರೇಷನ್. ನಿಮ್ಮದೇ ಕಾಲಿನ ಉದ್ದದ ಸಿರೆ (ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ) ತೆಗೆದು, ಅಡ್ಡಿಯನ್ನು ದಾಟಿಸಿ ಹೊಲಿಯುತ್ತಾರೆ. ಸಿರೆಯೊಳಗೆ ಒಮ್ಮುಖ ಕವಾಟಗಳಿವೆ. ಅದಕ್ಕೇ ತಲೆಕೆಳಗು ಮಾಡಿ ಹೊಲಿಯಬೇಕು, ಇಲ್ಲವೇ ಕವಾಟ ಕತ್ತರಿಸಬೇಕು. ಸಿರೆ ತೆಗೆದ ಗಾಯವೂ ಮಾಯಬೇಕಲ್ವಾ?

ಸರ್ಜನ್‌ಗಳ ಸಂಶೋಧನೆಯೇ ಒಂದು ಮಾತು ಹೇಳುವುದಿಲ್ಲ. 2022ರ ಬೆಸ್ಟ್-ಸಿಎಲ್‌ಐ ಎಂಬ ಅಧ್ಯಯನದಲ್ಲಿ ಒಳ್ಳೆಯ ಸಿರೆ ಇದ್ದವರಿಗೆ ಬೈಪಾಸ್ ಮೇಲಾಯಿತು: ಸಾವು ಅಥವಾ ಕಾಲಿನ ದೊಡ್ಡ ತೊಂದರೆ ಬೈಪಾಸ್ ಕಡೆ ಶೇ 42.6, ಬಲೂನ್ ಕಡೆ ಶೇ 57.4. ಸಿರೆ ಸರಿಯಿಲ್ಲದವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮರುವರ್ಷದ ಬೇಸಿಲ್-2 ಅಧ್ಯಯನ ಮೊಣಕಾಲ ಕೆಳಗಿನ ನಾಳಗಳನ್ನು ನೋಡಿತು. ಅಲ್ಲಿ ಬಲೂನ್ ಕಡೆಯವರೇ ಗೆದ್ದರು.

ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಸಿರೆಯ ಸ್ಕ್ಯಾನ್. ಸಿರೆ ಚೆನ್ನಾಗಿದ್ದು, ಹೃದಯ ಗಟ್ಟಿಯಿದ್ದರೆ ಬೈಪಾಸ್ ಬಗ್ಗೆ ಮಾತಾಡಿ. ವಯಸ್ಸಾಗಿ ಸೊರಗಿದವರಿಗೆ, ಅಡ್ಡಿ ಮೊಣಕಾಲ ಕೆಳಗೆ ಇದ್ದರಂತೂ, ಬಲೂನ್ ಬಗ್ಗೆ ಮೊದಲು ಕೇಳಿ. ಯಾವ ದಾರಿ ಹಿಡಿದರೂ ಬೀಡಿ, ಸಿಗರೇಟು ಬಂದ್.