ಮೂಲೆಯಲ್ಲಿಟ್ಟ ಪವರ್ ವೀಲ್‌ಚೇರ್ ಓಡದಿದ್ದರೆ ನಾವು ಮಾಡಿದ್ದನ್ನು ನೀವು ಮಾಡಬೇಡಿ

ಅಮ್ಮ ಏಳು ತಿಂಗಳು ಹುಬ್ಬಳ್ಳಿಯಲ್ಲಿ ಅಕ್ಕನ ಮನೆಯಲ್ಲಿದ್ದರು. ಅವರ ಪವರ್ ವೀಲ್‌ಚೇರ್ ಅಷ್ಟೂ ದಿನ ತೀರ್ಥಹಳ್ಳಿಯ ನಮ್ಮ ಮನೆ ಮೂಲೆಯಲ್ಲಿ ಸುಮ್ನೆ ನಿಂತಿತ್ತು. ಮಳೆಗಾಲ ಮುಗಿದು ಅವರು ವಾಪಸ್ ಬಂದಾಗ ಸ್ವಿಚ್ ಒತ್ತಿದರೆ ದೀಪವೇ ಹತ್ತಲಿಲ್ಲ. ಚಾರ್ಜಿಗೆ ಹಾಕಿದೆ, ಹತ್ತೇ ನಿಮಿಷಕ್ಕೆ ಹಸಿರು ದೀಪ ಬಂತು. ತೆಗೆದು ಸ್ವಿಚ್ ಒತ್ತಿದರೆ ಒಮ್ಮೆ ಮಿಣುಕಿ ಆರಿಹೋಯಿತು.

ಆ ಹಸಿರು ದೀಪವನ್ನು ನಂಬಬೇಡಿ. ಸೀಟಿನ ಕೆಳಗೆ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿ ಇರುತ್ತವೆ, ಸೇರಿ 24 ವೋಲ್ಟ್. ನಮ್ಮದು ಲೆಡ್ ಆಸಿಡ್. ಇವು ಬಳಸದೆ ಇಟ್ಟರೂ ತಾವಾಗಿ ಇಳಿಯುತ್ತವೆ, ಇಳಿದು ಹಾಗೇ ತಿಂಗಳುಗಟ್ಟಲೆ ಬಿದ್ದಿದ್ದರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಚಾರ್ಜ್ ಹಿಡಿಯುವ ಶಕ್ತಿಯೇ ಹೋಗುತ್ತದೆ. ಆಗ ಚಾರ್ಜರ್ ಹಾಕಿದ ಕೂಡಲೇ ವೋಲ್ಟೇಜ್ ಏರುತ್ತದೆ, ಚಾರ್ಜರ್ ಫುಲ್ ಅನ್ನುತ್ತದೆ. ತೀರಾ ಇಳಿದಿದ್ದರೆ ಕೆಲವು ಚಾರ್ಜರ್ ಶುರುವೇ ಆಗುವುದಿಲ್ಲ.

ನನಗೆ ಇದು ಗೊತ್ತಿರಲಿಲ್ಲ. ಒಂದು ಗ್ಯಾರೇಜಿಗೆ ಕೊಟ್ಟೆ. ಅವರು ಲಾರಿ ಬ್ಯಾಟರಿಗೆ ಹಾಕುವ ದೊಡ್ಡ ಚಾರ್ಜರ್ ಸಿಕ್ಕಿಸಿ ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಹೋದರೆ ಒಂದು ಬ್ಯಾಟರಿ ಉಬ್ಬಿತ್ತು, ಶೆಡ್ ತುಂಬಾ ಕೊಳೆತ ಮೊಟ್ಟೆಯ ವಾಸನೆ. ಹೀಗೆ ಅತಿಯಾಗಿ ಚಾರ್ಜ್ ಆದಾಗ ಹೈಡ್ರೋಜನ್ ಕೂಡ ಬರುತ್ತದೆ, ಒಂದು ಕಿಡಿ ಸಾಕು. ನೆನೆಸಿಕೊಂಡರೆ ಈಗಲೂ ಭಯವಾಗುತ್ತದೆ. ವೀಲ್‌ಚೇರಿನ ಜೊತೆ ಬಂದ ಚಾರ್ಜರ್ ಬಿಟ್ಟು ಬೇರೆ ಹಾಕಲು ಯಾರಿಗೂ ಬಿಡಬೇಡಿ.

ಎರಡೂ ಬ್ಯಾಟರಿ ಹೊಸದು ಹಾಕಿಸಿದೆ. ದೀಪ ಬಂತು, ಆದರೆ ಮಿನುಗುತ್ತಲೇ ಇತ್ತು, ಚೇರ್ ಅಲುಗಲಿಲ್ಲ. ರಿಪೇರಿಯವರೊಬ್ಬರು ನೋಡದೆಯೇ ಫೋನಿನಲ್ಲಿ, "ಕಂಟ್ರೋಲರ್ ಹೋಗಿದೆ, 38,000 ಆಗತ್ತೆ, ಅಡ್ವಾನ್ಸ್ ಹಾಕಿ" ಅಂದರು. ಕಂಟ್ರೋಲರ್ ಅಂದರೆ ಮೋಟಾರುಗಳನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ಅಮ್ಮ ಆಗಲೇ ಹನ್ನೊಂದು ದಿನ ಮಂಚದಲ್ಲೇ ಇದ್ದರು, ಜಗಲಿಗೆ ಬರಲೂ ಆಗದೆ. ಹಣ ಹಾಕಲು ಹೊರಟಿದ್ದೆ. ಆಗ ಅಮ್ಮನೇ ಕೇಳಿದರು: "ಮೂಲೆಗೆ ತಳ್ಳುವಾಗ ಹಿಂದಿನ ಹಿಡಿ ತಿರುಗಿಸಿದ್ಯಲ್ಲ, ವಾಪಸ್ ಹಾಕಿದ್ಯೇನೋ?"

ಹಾಕಿರಲಿಲ್ಲ. ಕೈಯಿಂದ ತಳ್ಳಲು ಅಂತ ಎರಡೂ ಮೋಟಾರಿನ ಬಳಿ ಒಂದೊಂದು ಹಿಡಿ ಇರುತ್ತದೆ. ಅದು ಬಿಡಿಸಿದ ಸ್ಥಿತಿಯಲ್ಲಿದ್ದರೆ ಬ್ರೇಕ್ ಹಿಡಿಯುವುದಿಲ್ಲ, ಹಾಗಾಗಿ ಕಂಟ್ರೋಲರ್ ಬೇಕಂತಲೇ ಓಡಲು ಬಿಡುವುದಿಲ್ಲ. ಎರಡನ್ನೂ ತಿರುಗಿಸಿ, ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಓಡಿತು. ದಿನಾ ಅದರಲ್ಲಿ ಕೂರುವವರನ್ನು ನಾವು ಯಾರೂ ಒಂದು ಮಾತು ಕೇಳಿರಲಿಲ್ಲ.

ಮನೆಯಲ್ಲಿ ಇಂಥ ಚೇರ್ ಇದ್ದರೆ ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ತಂದಿಟ್ಟುಕೊಳ್ಳಿ. ಬ್ಯಾಟರಿಗಳನ್ನು ಬೇರೆ ಬೇರೆಯಾಗಿ ಅಳೆಯಿರಿ. ಚಾರ್ಜ್ ಆಗಿ ಕೆಲವು ಗಂಟೆ ಬಿಟ್ಟ ಮೇಲೆ ಪ್ರತಿಯೊಂದೂ 12.7 ವೋಲ್ಟಿನ ಆಸುಪಾಸು ಇರಬೇಕು. ತಿಂಗಳುಗಟ್ಟಲೆ 10.5ಕ್ಕಿಂತ ಕೆಳಗೇ ಬಿದ್ದಿದ್ದರೆ ಅದರ ಆಸೆ ಬಿಡಿ. ಒಂದೇ ಬದಲಾಯಿಸಿದರೆ ಹಳೆಯದು ಹೊಸದನ್ನೂ ಹಾಳು ಮಾಡುತ್ತದೆ. ವೈರ್ ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಜಾಯ್‌ಸ್ಟಿಕ್ ಪ್ಲಗ್ಗು ಸಡಿಲವಾಗಿದೆಯಾ, ಟರ್ಮಿನಲ್ಲಿಗೆ ಹಸಿರು ಕಿಲುಬು ಹಿಡಿದಿದೆಯಾ ನೋಡಿ, ಮಲೆನಾಡಿನ ಮಳೆಗೆ ಅದು ಬೇಗ ಬರುತ್ತದೆ. ಚೇರ್ ಬಳಸದೆ ಇಡುವಾಗಲೂ ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ.

ಅಷ್ಟಾದ ಮೇಲೂ ಯಾರಾದರೂ ಕಂಟ್ರೋಲರ್ ಹೋಗಿದೆ ಅಂದರೆ, ಹಣ ಕೊಡುವ ಮೊದಲು ಎರಡೇ ಪ್ರಶ್ನೆ ಕೇಳಿ: ಒಂದೊಂದು ಬ್ಯಾಟರಿಯಲ್ಲಿ ಎಷ್ಟು ವೋಲ್ಟ್ ಇತ್ತು, ಹಿಡಿ ಯಾವ ಕಡೆ ಇತ್ತು?