ಬೆಂಗಳೂರು ಜೆ.ಸಿ. ರಸ್ತೆಯ ರೇಡಿಯೇಟರ್ ಅಂಗಡಿ: ಇಂಜಿನ್ ಹೆಡ್ ಬಿಚ್ಚಿಸುವ ಮೊದಲು ಇಲ್ಲಿ ತೋರಿಸಿ

ನಮ್ಮದು ಹಳೇ ಸ್ಯಾಂಟ್ರೋ ಕಾರು. ರೇಡಿಯೇಟರ್ ಹೋಸ್ ಬದಲಾಯಿಸಿ, ಹೊಸ ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ಹಾಕಿಸಿಕೊಂಡು ಬಂದ ಮರುದಿನವೇ ಬಿಸಿಯಾಗಲು ಶುರುವಾಯಿತು. ನಾಯಂಡಹಳ್ಳಿ ಸಿಗ್ನಲ್ ಹತ್ತಿರ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಪಕ್ಕದಲ್ಲಿ ಅತ್ತೆ ಕೂತಿದ್ದರು, ಡಾಕ್ಟರ್ ಹತ್ತಿರ ಹೊರಟಿದ್ದೆವು. ಗಾಡಿ ಬದಿಗೆ ಹಾಕಿ ಇಂಜಿನ್ ಆಫ್ ಮಾಡಿದ ಮೇಲೂ ಬಾನೆಟ್ ಒಳಗಿಂದ ಗುಳುಗುಳು ಸದ್ದು ಬರುತ್ತಲೇ ಇತ್ತು.

ಕೆಲಸ ಮಾಡಿದ ಗ್ಯಾರೇಜಿಗೇ ವಾಪಸ್ ಹೋದೆ. ಬಾನೆಟ್ ಎತ್ತಿ ಒಂದು ಸಲ ಇಣುಕಿದರು. "ಹೆಡ್ ಗ್ಯಾಸ್ಕೆಟ್ ಹೋಗಿದೆ ಮೇಡಂ, ಹೆಡ್ ಬಿಚ್ಚಬೇಕು" ಅಂದರು. ಗ್ಯಾಸ್ಕೆಟ್ ಅಂದರೆ ಇಂಜಿನ್ನಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವಿನ ಸೀಲ್. ಅದಕ್ಕಾಗಿ ಇಂಜಿನ್ನಿನ ಮೇಲ್ಭಾಗವನ್ನೇ ಕಳಚುವ ದೊಡ್ಡ ಕೆಲಸ ಅದು. ಒಂದೂ ಪರೀಕ್ಷೆ ಮಾಡದೆ ಹಾಗೆ ಹೇಳಿದ್ದು ನನಗೆ ಸರಿ ಬರಲಿಲ್ಲ. ಆಗ ಪಕ್ಕದ ಮನೆಯವರು ಜೆ.ಸಿ. ರಸ್ತೆಯ ಈ ಅಂಗಡಿಗೆ ಕಳಿಸಿದರು.

ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಹಿಂದಿನ ಓಣಿಯಲ್ಲಿ ಒಂದೇ ಶಟರ್‌ನ ಜಾಗ. ಗೋಡೆ ತುಂಬಾ ಹಳೇ ರೇಡಿಯೇಟರ್‌ಗಳು. ಬಾಗಿಲಲ್ಲೇ ಒಂದು ನೀರಿನ ತೊಟ್ಟಿ. ರೇಡಿಯೇಟರ್ ಅದರಲ್ಲಿ ಮುಳುಗಿಸಿ ಗಾಳಿ ಬಿಟ್ಟು, ಗುಳ್ಳೆ ಎಲ್ಲಿಂದ ಏಳುತ್ತದೆ ಅಂತ ನೋಡಿ ಲೀಕ್ ಹಿಡಿಯುತ್ತಾರೆ.

ಅಂಗಡಿಯ ಹಿರಿಯರನ್ನು ಎಲ್ಲರೂ ಭಾಯ್ ಅಂತಲೇ ಕರೆಯುತ್ತಾರೆ. ಅವರು ಬಾನೆಟ್ ಮುಟ್ಟುವ ಮೊದಲು ಕೇಳಿದ್ದು, "ಇದಕ್ಕೆ ಮುಂಚೆ ಏನು ಕೆಲಸ ಮಾಡಿಸಿದ್ರಿ ಮೇಡಂ? ಬಿಲ್ ಇದೆಯಾ?" ಆಮೇಲೆ, "ಟ್ರಾಫಿಕ್‌ನಲ್ಲಿ ಮಾತ್ರ ಹೀಟ್ ಆಗುತ್ತಾ, ಖಾಲಿ ರೋಡಲ್ಲೂ ಆಗುತ್ತಾ?" ಎರಡನೇ ಪ್ರಶ್ನೆಗೆ ಕಾರಣ ಇದೆ. ನಿಂತಾಗ, ನಿಧಾನ ಹೋದಾಗ ಮಾತ್ರ ಬಿಸಿಯಾದರೆ ಮೊದಲ ಅನುಮಾನ ಫ್ಯಾನ್ ಮೇಲೆ. ವೇಗದಲ್ಲಿ ಎದುರುಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ. ಅಲ್ಲೂ ಬಿಸಿಯಾದರೆ ಕೂಲಂಟ್ ಸರಿಯಾಗಿ ಓಡಾಡುತ್ತಿಲ್ಲ ಅಂತ ಲೆಕ್ಕ. ನಮ್ಮದು ವೇಗವಾಗಿ ಹೋಗುವ ನೈಸ್ ರೋಡಲ್ಲೂ ಬಿಸಿಯಾಗಿತ್ತು.

ಮುಳ್ಳು ಮೇಲೇರಿದ್ದಾಗಲೇ ಹೀಟರ್ ಪೂರ್ತಿ ತಿರುಗಿಸಿ, ಗಾಳಿ ಬರುವ ಕಿಂಡಿಗೆ ಕೈ ಇಡಿ ಅಂದರು. ತಣ್ಣನೆ ಗಾಳಿ! ಹೀಟರ್‌ಗೆ ಬಿಸಿ ಸಿಗುವುದು ಇಂಜಿನ್ನಿನ ಕೂಲಂಟ್‌ನಿಂದಲೇ. ಇಂಜಿನ್ ಅಷ್ಟು ಕಾದಿದ್ದರೂ ಇಲ್ಲಿ ತಣ್ಣಗಿದೆ ಅಂದರೆ ಕೂಲಂಟ್ ಇಲ್ಲಿಗೆ ತಲುಪುತ್ತಲೇ ಇಲ್ಲ. "ಏರ್ ಲಾಕ್ ಇರಬೇಕು, ಹೊಸ ಕೂಲಂಟ್ ಹಾಕಿದಾಗ ಒಳಗಿನ ಗಾಳಿ ತೆಗೆದಿಲ್ಲ" ಅಂದರು.

ಇಂಜಿನ್ ಆರುವವರೆಗೆ ರೇಡಿಯೇಟರ್ ಕ್ಯಾಪ್‌ಗೆ ಯಾರನ್ನೂ ಕೈ ಹಾಕಲು ಬಿಡಲಿಲ್ಲ. ಬಿಸಿಯಲ್ಲಿ ತೆಗೆದರೆ ಕುದಿಯುವ ಕೂಲಂಟ್ ಮುಖಕ್ಕೇ ಚಿಮ್ಮುತ್ತದೆ. ಆರಿದ ಮೇಲೆ ಮುಂದಿನ ಚಕ್ರಗಳನ್ನು ಎತ್ತರಕ್ಕೆ ಹತ್ತಿಸಿದರು, ರೇಡಿಯೇಟರ್ ಬಾಯಿ ಎಲ್ಲಕ್ಕಿಂತ ಮೇಲಿರಲಿ ಅಂತ. ಬಾಯಿಗೆ ಆಲಿಕೆ ಇಟ್ಟು, ಹೀಟರ್ ಫುಲ್ ಇಟ್ಟು, ಇಂಜಿನ್ ಆನ್ ಮಾಡಿದರು. ಅಂಗಡಿಯ ಹುಡುಗ ಬಟ್ಟೆ ಹಿಡಿದು ಮೇಲಿನ ಹೋಸನ್ನು ಹಿಂಡುತ್ತಾ ನಿಂತ. ಮೊದಲು ಸಾಸಿವೆಯಷ್ಟು ಗುಳ್ಳೆಗಳು. ಸ್ವಲ್ಪ ಹೊತ್ತಾದ ಮೇಲೆ ಥರ್ಮೋಸ್ಟಾಟ್, ಅಂದರೆ ಇಂಜಿನ್ ಕಾದ ಮೇಲೆ ಕೂಲಂಟ್‌ಗೆ ರೇಡಿಯೇಟರ್ ಕಡೆ ದಾರಿ ಬಿಡುವ ವಾಲ್ವ್, ತೆರೆದುಕೊಂಡಿತು. ಬೊಳಕ್ ಅಂತ ದೊಡ್ಡ ಗುಳ್ಳೆ ಎದ್ದು, ಆಲಿಕೆಯಲ್ಲಿದ್ದ ಕೂಲಂಟ್ ಸರ್ರನೆ ಕೆಳಗಿಳಿಯಿತು. ಭಾಯ್ ಮತ್ತೆ ತುಂಬಿಸಿದರು. ಗುಳ್ಳೆ ಪೂರ್ತಿ ನಿಂತು, ಫ್ಯಾನ್ ತಾನಾಗಿ ತಿರುಗಿ, ಹೀಟರ್ ಗಾಳಿ ಕೈ ಸುಡುವಷ್ಟು ಬಿಸಿಯಾಗುವವರೆಗೂ ಅಲ್ಲಿಂದ ಕದಲಲಿಲ್ಲ.

ಗ್ಯಾಸ್ಕೆಟ್ ಅನುಮಾನವನ್ನೂ ಹಾಗೇ ಬಿಡಲಿಲ್ಲ. ನೀಲಿ ದ್ರವ ಇರುವ ಒಂದು ಕೊಳವೆಯನ್ನು ರೇಡಿಯೇಟರ್ ಬಾಯಿಗೆ ಹಿಡಿದು ಒಳಗಿನ ಗಾಳಿ ಎಳೆದರು. ಗ್ಯಾಸ್ಕೆಟ್ ಹೋಗಿ ಇಂಜಿನ್ ಹೊಗೆ ಕೂಲಂಟ್‌ಗೆ ಸೇರುತ್ತಿದ್ದರೆ ಅದು ಹಳದಿಗೆ ತಿರುಗುತ್ತದೆ. ನೀಲಿಯಾಗೇ ಉಳಿಯಿತು. ನನ್ನ ಜೀವಕ್ಕೆ ಸಮಾಧಾನ ಆಗಿದ್ದು ಆಗ.

ಬದಲಾಯಿಸಿದ್ದು ರೇಡಿಯೇಟರ್ ಕ್ಯಾಪ್ ಒಂದನ್ನೇ, ಅದರ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಈ ಕ್ಯಾಪ್ ಕುಕ್ಕರ್ ವೆಯ್ಟ್ ಇದ್ದ ಹಾಗೆ, ಒಳಗೆ ಒತ್ತಡ ಹಿಡಿದಿಡುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಬರೀ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕ್ಯಾಪ್ ಸರಿಯಿದ್ದು, ಅರ್ಧ ಕೂಲಂಟ್ ಅರ್ಧ ನೀರು ಬೆರೆಸಿದ್ದರೆ 120 ಡಿಗ್ರಿವರೆಗೂ ಕುದಿಯುವುದಿಲ್ಲ. ಕೂಲಂಟ್‌ಗೆ ಬೆರೆಸಲು ಡಿಸ್ಟಿಲ್ಡ್ ವಾಟರ್ ಮಾತ್ರ ಬಳಸುತ್ತಾರೆ. ನಮ್ಮ ಬೋರ್‌ವೆಲ್ ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟುತ್ತದೆ, ಬಿಸಿನೀರಿನ ಗೀಸರ್ ನೋಡಿದವರಿಗೆ ಇದು ಗೊತ್ತು.

ಕ್ಯಾಪ್, ಕೂಲಂಟ್, ಕೂಲಿ ಸೇರಿ 1,150 ರೂಪಾಯಿ ಆಯಿತು. ಹಳೇ ಕ್ಯಾಪನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟರು. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಒಮ್ಮೆ ಲೆವೆಲ್ ನೋಡಿ, ಉಳಿದ ಗಾಳಿ ಹೋದ ಹಾಗೆ ಸ್ವಲ್ಪ ಇಳಿಯಬಹುದು ಅಂದಿದ್ದರು. ಹಾಗೇ ಒಂದಿಷ್ಟು ಇಳಿದಿತ್ತು, ಹಾಕಿದೆ. ಏಪ್ರಿಲ್ ಬಿಸಿಲಲ್ಲಿ ಎಸಿ ಹಾಕಿಕೊಂಡು ಕನಕಪುರಕ್ಕೆ ಹೋಗಿ ಬಂದೆವು, ಮುಳ್ಳು ಅರ್ಧದಿಂದ ಮೇಲೇರಲಿಲ್ಲ.

ತೊಂದರೆಗಳೂ ಇವೆ. ಗಾಡಿ ನಿಲ್ಲಿಸಲು ಜಾಗ ಸಿಗುವುದು ಬಹಳ ಕಷ್ಟ. ಕಾಯುವವರಿಗೆ ಒಂದು ಸ್ಟೂಲ್ ಬಿಟ್ಟರೆ ಏನೂ ಇಲ್ಲ, ವಯಸ್ಸಾದವರನ್ನು ಕರೆದುಕೊಂಡು ಹೋಗಬೇಡಿ. ಶುಕ್ರವಾರ ಮಧ್ಯಾಹ್ನ ನಮಾಜ್ ಹೊತ್ತಿಗೆ ಶಟರ್ ಹಾಕಿರುತ್ತಾರೆ. ಬೆಳಿಗ್ಗೆ ಬೇಗ ಹೋದರೆ ಓಣಿ ಖಾಲಿ ಇರುತ್ತದೆ, ಕೆಲಸವೂ ಬೇಗ ಆಗುತ್ತದೆ.