ಚಕ್ಕಳಮಕ್ಕಳ ಹಾಕಿ ಕೂರೋಕೆ ಒಂದು ಡ್ಯಾನಿಶ್ ಕುರ್ಚಿ

ಮೊದಲೇ ಹೇಳಿಬಿಡುತ್ತೇನೆ, ಗೆದ್ದದ್ದು ಡ್ಯಾನಿಶ್ ವಿನ್ಯಾಸಗಾರ ಹಾನ್ಸ್ ವೆಗ್ನರ್ ಮಾಡಿದ ಕುರ್ಚಿ. ಓಕ್ ಮರದ್ದು, ಅಗಲವಾದ ಕೈಗಳದ್ದು, ಹೆಸರು ಜಿಇ 290. ಇದನ್ನು ಬರೆಯುತ್ತಿರುವುದೂ ಅದರ ಮೇಲೆ ಕೂತೇ. ಬಲಗೈ ಪಕ್ಕದಲ್ಲಿ ಕಾಫಿ ಲೋಟ ಇದೆ. ಹಾಗಾಗಿ ಉಳಿದ ಮೂರು ಕುರ್ಚಿಗಳಿಗೆ ಇಲ್ಲಿ ಪೂರ್ತಿ ನ್ಯಾಯ ಸಿಗುತ್ತದೆ ಅಂತ ಮಾತು ಕೊಡಲಾರೆ. ಅದರಲ್ಲೂ ಒಂದರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ನಾವಿರುವುದು ಡೆನ್ಮಾರ್ಕಿನ ಆರ್ಹುಸ್‌ನಲ್ಲಿ, ಮೂರನೇ ಮಹಡಿಯ ಬಾಡಿಗೆ ಮನೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆ ಆಗುವ ಮುಂಚೆಯೇ ಕತ್ತಲಾಗುತ್ತದೆ. ಆಮೇಲೆ ಮಲಗುವ ತನಕ ಮನುಷ್ಯ ಎಲ್ಲಾದರೂ ಕೂತಿರಬೇಕಲ್ಲ. ಈ ದೇಶದವರು ಕುರ್ಚಿಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡದ್ದು ಯಾಕೆ ಅಂತ ಮೊದಲ ಚಳಿಗಾಲದಲ್ಲೇ ಅರ್ಥವಾಯಿತು.

ನನ್ನ ಬೇಡಿಕೆ ಮೂರೇ. ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ಹಾಗಿರಬೇಕು, ಕಾಲು ಇಳಿಬಿಟ್ಟು ಹತ್ತು ನಿಮಿಷಕ್ಕಿಂತ ಜಾಸ್ತಿ ಓದಿದ ಅಭ್ಯಾಸ ನನಗಿಲ್ಲ. ಕೈ ಮೇಲೆ ಲೋಟ ಇಟ್ಟರೆ ನಿಲ್ಲಬೇಕು. ಬೇಸಿಗೆಯಲ್ಲಿ ಅಮ್ಮ ಬಂದಾಗ ಯಾರ ಕೈಯನ್ನೂ ಹಿಡಿಯದೆ ಎದ್ದೇಳಬೇಕು. ಬಜೆಟ್ 2,500 ಕ್ರೋನರ್. ಹೊಸ ಡಿಸೈನರ್ ಕುರ್ಚಿಯ ಬೆಲೆ ನೋಡಿ ಅಂಗಡಿಯಿಂದ ಸುಮ್ನೆ ಹೊರಗೆ ಬಂದಿದ್ದೆ. ಹಾಗಾಗಿ ಹಳೆಯದೇ ಗತಿ.

ಮೊದಲು ಕೊಂಡದ್ದು ತೇಗದ ಕುರ್ಚಿ, 900 ಕ್ರೋನರ್. ಜಾಹೀರಾತಿನಲ್ಲಿ ‘60ರ ದಶಕ, ವೆಗ್ನರ್ ಶೈಲಿ’ ಅಂತ ಇತ್ತು. ಶೈಲಿ ಅನ್ನುವ ಮಾತು ಬಂದರೆ ವೆಗ್ನರ್ ಅಲ್ಲ ಅಂತಲೇ ಅರ್ಥ, ಅದು ಆಗ ಗೊತ್ತಿರಲಿಲ್ಲ. ಕೆಳಗೆ ಲೇಬಲ್ ಇಲ್ಲ, ಮುದ್ರೆ ಇಲ್ಲ. ಆದರೆ ಏನು ಚೆಂದ ಅಂತೀರಿ! ಕೈಗಳು ಹಾವಿನ ಹಾಗೆ ಬಳುಕಿ ಮುಂದೆ ಬಂದು ತೆಳ್ಳಗಾಗುತ್ತವೆ. ನಮ್ಮೂರಲ್ಲಿ ತೇಗ ಅಂದರೆ ಬಾಗಿಲ ಚೌಕಟ್ಟು, ಕಂಬ, ಮಂಚದ ಕಾಲು. ಅದೇ ಮರವನ್ನು ಇಷ್ಟು ತೆಳ್ಳಗೆ ಮಾಡಬಹುದು ಅಂತ ನಾನು ಅಂದುಕೊಂಡಿರಲಿಲ್ಲ. 1950ರ ದಶಕದಲ್ಲಿ ಸಯಾಮಿನ (ಈಗಿನ ಥೈಲ್ಯಾಂಡಿನ) ತೇಗ ಇಲ್ಲಿಗೆ ಹೇರಳವಾಗಿ ಬರುತ್ತಿತ್ತು. ತೇಗದೊಳಗಿನ ಮರಳಿನಂಥ ಸಿಲಿಕಾ ಗರಗಸದ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ. ತುಂಬಾ ಗಟ್ಟಿಯಾದ ಕಾರ್ಬೈಡ್ ಹಲ್ಲಿನ ಗರಗಸ ಬಂದ ಮೇಲೆ ಡ್ಯಾನಿಶ್ ಕಾರ್ಖಾನೆಗಳು ತೇಗವನ್ನು ಸಲೀಸಾಗಿ ಕೊಯ್ಯತೊಡಗಿದವು. ನನ್ನ ಕುರ್ಚಿಯೂ ಆ ಸುಗ್ಗಿಯ ಕೂಸೇ ಇರಬೇಕು.

ಮೊದಲ ವಾರ ಏನೂ ಗೊತ್ತಾಗಲಿಲ್ಲ. ಕೂತರೆ ಸ್ವಲ್ಪ ಜಾಸ್ತಿಯೇ ಕೆಳಗೆ ಹೋಗುತ್ತಿತ್ತು. ಹಳೇ ಕುರ್ಚಿ ಅಲ್ವಾ, ಪಳಗಿದೆ ಅಂದುಕೊಂಡೆ. ಎರಡನೇ ವಾರ ಅದರ ಕೆಳಗೆ ಕಾಫಿಪುಡಿಯಂಥದ್ದು ಉದುರಿತ್ತು. ಗುಡಿಸಿದೆ. ಮಾರನೇ ದಿನ ಮತ್ತೆ ಅಷ್ಟೇ. ಹೆಂಡತಿ ನನ್ನ ಫಿಲ್ಟರಿಗೆ ಬೈದಳು. ಮೂರನೇ ಭಾನುವಾರ ಗೆಳೆಯನೊಬ್ಬ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಕೂತ. ಪಟ್ ಅಂತ ಒಂದು ಸದ್ದು. ಹಿಂದೆಯೇ ಇನ್ನೊಂದು. ತಟ್ಟೆ ಕೈಯಲ್ಲಿ ನೆಟ್ಟಗೇ ಇತ್ತು. ಅವನು ಮಾತ್ರ ಮೊಣಕಾಲು ಮೂಗಿಗೆ ತಾಗುವ ಹಾಗೆ ಚೌಕಟ್ಟಿನೊಳಗೆ ಇಳಿದುಹೋಗಿದ್ದ.

ಕುರ್ಚಿ ತಿರುಗಿಸಿದಾಗ ವಿಷಯ ಗೊತ್ತಾಯಿತು. ಕೂರುವ ಜಾಗದಲ್ಲಿ ಹಲಗೆ ಇಲ್ಲ, ಸ್ಪ್ರಿಂಗ್ ಇಲ್ಲ, ರಬ್ಬರ್ ಪಟ್ಟಿಗಳಿವೆ. ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿದ ಹಾಗೆ. ಇಟಲಿಯ ಟೈರ್ ಕಂಪನಿಯೊಂದು ಶುರು ಮಾಡಿದ ಉಪಾಯ ಇದು. ಭಾರ ಕಮ್ಮಿ, ತೆಳು, ಅಗ್ಗ. ಕುರ್ಚಿಗಳು ಅಷ್ಟು ತೆಳ್ಳಗೆ ಕಾಣುವುದರಲ್ಲಿ ಈ ಪಟ್ಟಿಯ ಪಾಲೂ ಇದೆ. ಆದರೆ ರಬ್ಬರಿಗೆ ಮರದಷ್ಟು ಆಯಸ್ಸಿಲ್ಲ. ಒಣಗುತ್ತದೆ, ಬಿರಿಯುತ್ತದೆ, ಜೋತುಬೀಳುತ್ತದೆ. ಮೇಲಿನ ಫೋಮ್ ಅದಕ್ಕೂ ಮುಂಚೆ ಪುಡಿಯಾಗುತ್ತದೆ. ನಾನು ಗುಡಿಸುತ್ತಿದ್ದ ‘ಕಾಫಿಪುಡಿ’ ಅದೇ.

ಪಟ್ಟಿ ಬದಲಾಯಿಸುವುದು ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಪಟ್ಟಿಯ ಎರಡೂ ತುದಿಗೆ ಉಕ್ಕಿನ ಕ್ಲಿಪ್ ಕಚ್ಚಿಸಬೇಕು. ಚೌಕಟ್ಟಿನ ಒಳಬದಿಯಲ್ಲಿ ಓರೆಯಾಗಿ ಒಂದು ಗಾಡಿ, ಅಂದರೆ ಸಣ್ಣ ಕಾಲುವೆಯಂಥ ಸೀಳು, ಕೊರೆದಿರುತ್ತಾರೆ. ಕ್ಲಿಪ್ ಅದರೊಳಗೆ ಕೂತರೆ ಆಯಿತು, ಮೊಳೆ ಬೇಡ, ಅಂಟು ಬೇಡ. 340 ಕ್ರೋನರ್ ಕೊಟ್ಟು ಪಟ್ಟಿಯ ಸುರುಳಿ, ಕ್ಲಿಪ್‌ಗಳನ್ನು ತರಿಸಿದೆ. ಹಳೇ ಪಟ್ಟಿಯೊಂದನ್ನು ತೆಗೆದು ನೆಲದ ಮೇಲೆ ಹಾಸಿದೆ. ಹೊಸದನ್ನು ಪಕ್ಕದಲ್ಲಿಟ್ಟು ಅದೇ ಉದ್ದಕ್ಕೆ ಕತ್ತರಿಸಿದೆ. ಎಂಟೂ ಪಟ್ಟಿ. ಯಾರಾದರೂ ಪಕ್ಕದಲ್ಲಿ ನಿಂತು ತಲೆ ಮೇಲೆ ಮೊಟಕಬೇಕಿತ್ತು. ಹಳೇ ಪಟ್ಟಿ ಅರವತ್ತು ವರ್ಷ ಜನರನ್ನು ಹೊತ್ತು ಎಳೆದುಹೋಗಿತ್ತಲ್ಲ! ಅದರ ಉದ್ದಕ್ಕೆ ಕತ್ತರಿಸಿದರೆ ಹೊಸದೂ ಅಷ್ಟೇ ಜೋಲುತ್ತದೆ. ಜೋಲಿತು. ಅಳೆಯಬೇಕಾದ್ದು ಗಾಡಿಯಿಂದ ಗಾಡಿಗೆ. ಅದಕ್ಕಿಂತ ಶೇಕಡಾ 10ರಷ್ಟು ಗಿಡ್ಡ ಕತ್ತರಿಸಿ, ಎಳೆದು ಕೂರಿಸಬೇಕು.

ಎರಡನೇ ಸಲ ಹಟಕ್ಕೆ ಬಿದ್ದು ಶೇಕಡಾ 20ರಷ್ಟು ಗಿಡ್ಡ ಮಾಡಿದೆ. ಬಿಗಿಯಾಗಿರಲಿ ಅಂತ. ಏಳು ಪಟ್ಟಿ ಕೂತವು, ಬಾರಿಸಿದರೆ ತಮಟೆಯ ಹಾಗೆ ಸದ್ದು. ಎಂಟನೆಯದನ್ನು ಎಳೆದು ಕೂರಿಸುವಾಗ ಗಾಡಿಯ ಅಂಚಿನಿಂದ ಬೆರಳುದ್ದದ ತೇಗದ ಸಿಬಿರು ಎದ್ದು ಹಾರಿತು. ಅದನ್ನು ಅಂಟು ಹಾಕಿ, ಪಟ್ಟು ಬಿಗಿದು, ಒಂದು ರಾತ್ರಿ ಬಿಟ್ಟು, ಪಟ್ಟಿ ಮತ್ತೆ ತರಿಸಿ, ಮೂರನೇ ಸಲ ಸರಿಯಾಗಿ ಮಾಡಿದೆ. ಆ ಮರುಪಟ್ಟಿಯ ಖರ್ಚು ಮನೆಯಲ್ಲಿ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ. ಆಮೇಲೆ ಫೋಮ್‌ಗೆ 650, ಬಟ್ಟೆಗೆ 480. ಒಟ್ಟು 2,370 ಕ್ರೋನರ್, ಲೆಕ್ಕಕ್ಕೆ ಕೊಟ್ಟಷ್ಟು.

ಇಷ್ಟಾದ ಮೇಲೆ ಸುಖವಾಗಿ ಕೂತೆನಾ? ಹೊಸ ಫೋಮ್ ಗಟ್ಟಿ, ರೈಲಿನ ಸೀಟಿನ ಹಾಗೆ. ಎರಡು ಕೈಗಳ ನಡುವೆ ಜಾಗ ಕಮ್ಮಿ, ಚಕ್ಕಳಮಕ್ಕಳ ಹಾಕಿದರೆ ಎರಡೂ ಮೊಣಕಾಲು ಮರಕ್ಕೆ ಒತ್ತುತ್ತವೆ. ಆ ಬಳುಕಿನ ಕೈ ಮೇಲೆ ಲೋಟ ನಿಲ್ಲುವುದೇ ಇಲ್ಲ. ಇದನ್ನೆಲ್ಲ ಕೊಳ್ಳುವ ಮುಂಚೆ ಎರಡು ನಿಮಿಷ ಕೂತು ನೋಡಿದ್ದರೆ ಗೊತ್ತಾಗುತ್ತಿತ್ತು. ನಾನು ಕೂತಿರಲಿಲ್ಲ, ಸುತ್ತ ತಿರುಗಿ ನೋಡಿ ಹಣ ಕೊಟ್ಟಿದ್ದೆ.

ಈ ರಿಪೇರಿ ನಡೆದ ಮೂರು ತಿಂಗಳು ಮನೆಯಲ್ಲಿ ಕೂರಲು ಇದ್ದದ್ದು ಪೊಯೆಂಗ್. ಊರು ಬಿಟ್ಟು ಹೋಗುವವರೊಬ್ಬರು ಪುಕ್ಕಟೆ ಕೊಟ್ಟದ್ದು. ಬೆಂಗಳೂರಿನವರು ನಾಗಸಂದ್ರದ ಐಕಿಯಾದಲ್ಲಿ ಅದನ್ನು ಕಂಡಿರುತ್ತೀರಿ, ಕೂತರೆ ತೂಗುವ ಬಾಗಿದ ಮರದ ಕುರ್ಚಿ. ಸ್ವೀಡನ್ನಿನ ಈ ಕುರ್ಚಿ ಮಾಡಿದವರು ಜಪಾನಿನ ನೊಬೊರು ನಕಮುರ, 1976ರಲ್ಲಿ. ಆಗ ಹೆಸರು ಪೊಯೆಮ್, 1992ರಿಂದ ಪೊಯೆಂಗ್. ತೆಳು ಮರದ ಪದರಗಳನ್ನು ಅಂಟಿಸಿ ಬಗ್ಗಿಸಿದ್ದರಿಂದ ಚೌಕಟ್ಟೇ ಸ್ಪ್ರಿಂಗ್ ಆಗಿದೆ. ರಬ್ಬರ್ ಪಟ್ಟಿಯ ಜೊತೆ ಗುದ್ದಾಡಿ ಬಂದವನಿಗೆ ಇದು ಎಂಥ ಜಾಣತನ ಅಂತ ಹೇಳಿಕೊಡಬೇಕಿಲ್ಲ. ಹಣದ ಲೆಕ್ಕದಲ್ಲಿ ಇದನ್ನು ಯಾವುದೂ ಸೋಲಿಸುವುದಿಲ್ಲ. ಆದರೆ ಕಾಲು ಮಡಚಿ ಕೂತು ಪುಟ ತಿರುಗಿಸಿದರೂ ತೂಗುತ್ತದೆ. ದೋಣಿಯಲ್ಲಿ ಕೂತು ಓದಿದ ಹಾಗೆ. ಅಮ್ಮ ಅದರಿಂದ ಏಳಲು ಮೂರು ಸಲ ತೂಗಿಕೊಂಡು ನಾಲ್ಕನೇ ಸಲಕ್ಕೆ ಎದ್ದರು.

ಮೂರನೆಯದು ಜೆ16. ಗೆಳೆಯರ ಮನೆಯದು, ಅವರು ಊರಿಗೆ ಹೋದಾಗ ಒಂದು ಚಳಿಗಾಲ ನಮ್ಮಲ್ಲಿತ್ತು. ಇದೂ ವೆಗ್ನರ್‌ನದೇ, 1944ರದು. ಬೀಚ್ ಮರ, ಎತ್ತರದ ಕಡ್ಡಿಗಳ ಬೆನ್ನು, ಕಾಗದದ ಹುರಿಯಲ್ಲಿ ಹೆಣೆದ ಸೀಟು. ತೂಗುಕುರ್ಚಿ. ಎಫ್‌ಡಿಬಿ ಅನ್ನುವ ಡ್ಯಾನಿಶ್ ಸಹಕಾರಿ ಸಂಸ್ಥೆಗೆ ಮಾಡಿದ್ದು. ಆ ಸಂಸ್ಥೆ 1942ರಲ್ಲಿ ಬೋರ್ಗೆ ಮೊಗೆನ್ಸನ್ ಅನ್ನುವ ಎಳೆಯ ವಿನ್ಯಾಸಗಾರನನ್ನು ಪೀಠೋಪಕರಣ ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿತ್ತು. ಸಾಮಾನ್ಯ ಸಂಬಳದವರ ಮನೆಗೆ ಒಳ್ಳೆಯ ಕುರ್ಚಿ ಬರಬೇಕು ಅನ್ನುವುದು ಉದ್ದೇಶ. ಕೆಎಂಎಫ್‌ನವರು ಹಾಲಿನ ಜೊತೆ ಕುರ್ಚಿಯನ್ನೂ ಮಾಡಿಸಿದ್ದರೆ ಹೇಗಿರುತ್ತಿತ್ತು ಅಂತ ಒಮ್ಮೆ ಯೋಚಿಸಿದೆ. ಕಾಗದದ ಹುರಿ ಅಂದರೆ ನಗಬೇಡಿ. ಬಿಗಿಯಾಗಿ ಹೊಸೆದು ಹೆಣೆದರೆ ದಶಕಗಟ್ಟಲೆ ಬಾಳುತ್ತದೆ. ನಮ್ಮ ಹಗ್ಗದ ಮಂಚದ ತಂಗಿ ಅನ್ನಬಹುದು.

ಮಗುವನ್ನು ಮಲಗಿಸುವವರಿಗೆ ಇದಕ್ಕಿಂತ ಒಳ್ಳೆಯ ಕುರ್ಚಿ ಇಲ್ಲ. ನಮ್ಮ ಮನೆಯಲ್ಲಿ ಮಗು ಇಲ್ಲ. ಕೆಳಗಿನ ಮನೆಯಲ್ಲಿ ಸದ್ದು ಸಹಿಸದ ಹಿರಿಯರೊಬ್ಬರು ಇದ್ದಾರೆ, ನಮ್ಮದು ಮರದ ನೆಲ.

ಮೊಗೆನ್ಸನ್‌ನ 1958ರ ಸ್ಪ್ಯಾನಿಶ್ ಕುರ್ಚಿಯಲ್ಲೂ ಅಂಗಡಿಯೊಂದರಲ್ಲಿ ಕೂತೆ. ಓಕ್ ಚೌಕಟ್ಟು, ದಪ್ಪ ಚರ್ಮ, ಎಲೆ ಹಾಕಿ ಉಣ್ಣುವಷ್ಟು ಅಗಲದ ಕೈಗಳು. ಬೆಲೆ ನಮ್ಮ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ. ಎದ್ದು ಬಂದೆ.

ಆ ಮೊಗೆನ್ಸನ್‌ನ ಗುರು ಕೋರೆ ಕ್ಲಿಂಟ್. ಈತನ 1933ರ ಸಫಾರಿ ಕುರ್ಚಿಯ ಮೂಲ ನಮ್ಮ ದೇಶದ್ದು, ಬ್ರಿಟಿಷ್ ಸೇನೆಯವರು ಬಿಚ್ಚಿ ಕಟ್ಟಿಕೊಂಡು ಹೋಗುತ್ತಿದ್ದ ರೂರ್ಕಿ ಕುರ್ಚಿ. ರೂರ್ಕಿ ಅಂದರೆ ಇಂಜಿನಿಯರಿಂಗ್ ಕಾಲೇಜಿನ ಆ ಊರೇ. ಸಿಬಿರು ಹಾರಿಸಿದ ರಾತ್ರಿ ಇದನ್ನು ಓದಿ ಸ್ವಲ್ಪ ಸಮಾಧಾನವಾಯಿತು, ಯಾಕೆ ಅಂತ ಕೇಳಬೇಡಿ.

ಈಗ ನಮ್ಮವನ ಸುದ್ದಿ. ಜಿಇ 290ಯನ್ನು ಹಾನ್ಸ್ ವೆಗ್ನರ್ 1953ರಲ್ಲಿ ಗೆಟಾಮಾ ಅನ್ನುವ ಕಂಪನಿಗೆ ಮಾಡಿದ. ವೆಗ್ನರ್ ಚಪ್ಪಲಿ ಹೊಲಿಯುವವರ ಮಗ, 1914ರಲ್ಲಿ ಟೋಂಡರ್ ಊರಲ್ಲಿ ಹುಟ್ಟಿದವನು, ಬಡಗಿ ಕೆಲಸ ಕಲಿತು ಮೇಲೆ ಬಂದವನು. ನಮ್ಮ ಆರ್ಹುಸ್‌ನ ಪುರಭವನ 1941ರಲ್ಲಿ ಶುರುವಾದಾಗ ಅದರ ಪೀಠೋಪಕರಣಕ್ಕೆ ಕೆಲಸ ಮಾಡಿದವನೂ ಇವನೇ. ಗೆಟಾಮಾ ಕಥೆ ಇನ್ನೂ ಚೆನ್ನಾಗಿದೆ. 1899ರಲ್ಲಿ ಗೆಡ್‌ಸ್ಟೆಡ್ ಅನ್ನುವ ಹಳ್ಳಿಯಲ್ಲಿ, ಸಮುದ್ರದ ಹುಲ್ಲು ಒಣಗಿಸಿ ಹಾಸಿಗೆ ತುಂಬುವ ಕಾರ್ಖಾನೆಯಾಗಿ ಶುರುವಾಯಿತು. ಗೆಡ್‌ಸ್ಟೆಡ್, ಟಾಂಗ್, ಮ್ಯಾಡ್ರಾಸ್, ಅಂದರೆ ಊರು, ಕಡಲ ಹುಲ್ಲು, ಹಾಸಿಗೆ. ಮೂರರ ಮೊದಲಕ್ಷರ ಸೇರಿಸಿದರೆ ಗೆಟಾಮಾ. ಹಾಸಿಗೆಯವರು ಕುರ್ಚಿ ಮಾಡಿದ್ದು ಕೂತ ತಕ್ಷಣ ಗೊತ್ತಾಗುತ್ತದೆ. ಮೆತ್ತನೆ ಇರುವುದು ಕುಷನ್ ಒಳಗಿನ ಸ್ಪ್ರಿಂಗ್‌ನಲ್ಲಿ. ಉದುರುವ ಪುಡಿ ಇಲ್ಲ.

ಮನೆ ಚಿಕ್ಕದು ಮಾಡಿಕೊಳ್ಳುತ್ತಿದ್ದ ಅಜ್ಜಿಯೊಬ್ಬರು 4,200 ಅಂದರು. ಈ ಸಲ ನಾನು ನಾಚಿಕೆ ಬಿಟ್ಟು ಮೊದಲು ಕುರ್ಚಿಯನ್ನು ತಲೆಕೆಳಗು ಮಾಡಿದೆ. ಸುಟ್ಟು ಒತ್ತಿದ ಮುದ್ರೆ ಇತ್ತು. ಆಮೇಲೆ ಶೂ ಬಿಚ್ಚಿ, ಕಾಲು ಮಡಚಿ ಕೂತೆ. ಅಜ್ಜಿ ಒಂದು ಕ್ಷಣ ನೋಡಿ, ಏನೂ ಹೇಳದೆ ಕಾಫಿ ತಂದುಕೊಟ್ಟರು. ಕಪ್ಪನ್ನು ಕುರ್ಚಿಯ ಕೈ ಮೇಲೆ ಇಟ್ಟೆ. ನಿಂತಿತು. ಬಜೆಟ್ ಮೀರಿದ್ದರೂ ಚೌಕಾಸಿ ಮಾಡಲು ಬಾಯಿ ಬರಲಿಲ್ಲ.

ದೋಷ ಇಲ್ಲವೇ? ಇದೆ. ಭಾರ ಇದೆ, ಮೂರು ಮಹಡಿ ಹತ್ತಿಸುವಾಗ ಉಪ್ಪಿಟ್ಟಿನ ಗೆಳೆಯನನ್ನೇ ಕರೆಯಬೇಕಾಯಿತು. ಸೀಟು ತಗ್ಗು, ಆದರೆ ಅಗಲ ಕೈಗಳನ್ನು ಒತ್ತಿ ಅಮ್ಮ ಒಂದೇ ಸಲಕ್ಕೆ ಏಳುತ್ತಾರೆ. ಕುಷನ್ ಬಟ್ಟೆ ಒಂದು ಕಡೆ ಹರಿದಿದೆ, ಹಾಗೇ ಬಿಟ್ಟಿದ್ದೇನೆ. ನನ್ನದಕ್ಕೆ ಪಾಲಿಶ್ ಇಲ್ಲ. ಇಲ್ಲಿನವರು ಓಕ್‌ಗೆ ಸೋಪಿನ ಚೂರು ನೀರಲ್ಲಿ ಕದಡಿ ಹಚ್ಚುತ್ತಾರೆ. ಬೆಳ್ಳಗೆ ಚೆಂದ, ಆದರೆ ಸಾರು ಬಿದ್ದರೆ ಅರಿಶಿನ ನೇರ ಒಳಗೆ. ಬಿತ್ತು ಕೂಡ. ಉಜ್ಜಿದೆ, ಹೋಗಲಿಲ್ಲ. ಕೊನೆಗೆ ಕುರ್ಚಿಯನ್ನು ಕಿಟಕಿಯ ಬಳಿ ತಿರುಗಿಸಿಟ್ಟೆ. ಜೂನ್ ತಿಂಗಳು, ಇಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಅರಿಶಿನಕ್ಕೆ ಬಿಸಿಲು ಆಗುವುದಿಲ್ಲವಲ್ಲ, ಕೆಲವೇ ದಿನಕ್ಕೆ ಕಲೆ ಮಾಯ.

ಕೈಯಲ್ಲಿ ಸಾವಿರ ಕ್ರೋನರ್ ಇದ್ದು ನೀವು ಕಾಲು ಇಳಿಬಿಟ್ಟು ಕೂರುವವರಾದರೆ ಹಳೇ ಪೊಯೆಂಗ್ ಸಾಕು. ಮಗು ಇದ್ದರೆ ಜೆ16. ರಿಪೇರಿಯೇ ಹವ್ಯಾಸ ಆಗಿದ್ದರೆ ಪಟ್ಟಿ ಹಾಕಿದ ತೇಗ, ಗಾಡಿಯಿಂದ ಗಾಡಿಗೆ ಅಳೆಯಿರಿ. ನಮ್ಮ ತೇಗದ ಕುರ್ಚಿಯನ್ನು ಒಬ್ಬಳು ವಿದ್ಯಾರ್ಥಿನಿ 1,400ಕ್ಕೆ ಕೊಂಡಳು. ಅಂಟಿಸಿದ ಸಿಬಿರನ್ನು ನಾನೇ ತೋರಿಸಿದೆ. ಅವಳೂ ಕೂತು ನೋಡಲಿಲ್ಲ, ಕೈಯ ಬಳುಕನ್ನೇ ಸವರುತ್ತಿದ್ದಳು.

ಜಿಇ 290 ಮುಂದೆ ಕಾಲಿಡಲು ಒಂದು ಸ್ಟೂಲ್ ಬೇಕು ಅಂತ ಬೆಲೆ ವಿಚಾರಿಸಿದೆ. ಸದ್ಯಕ್ಕೆ ಅಮ್ಮ ತಂದ ಬೆತ್ತದ ಬುಟ್ಟಿಯನ್ನು ಬೋರಲು ಹಾಕಿಕೊಂಡಿದ್ದೇನೆ.